ತರಿಸಿದ್ದು ಮತ್ತು ನೆಡಿಸಿದ್ದು: ಅಶೋಕನ ಎರಡನೆಯ ಶಿಲಾಶಾಸನವೂ ವೈದ್ಯಸಾಮಗ್ರಿಯ ಸರಬರಾಜೂ — ಒಂದು ವಿಮರ್ಶೆ

೧

ನಮ್ಮ ಶಾಲೆ ಕಾಲೇಜುಗಳ ಚರಿತ್ರೆಯ ಪುಸ್ತಕಗಳಲ್ಲಿ ಒಂದು ಮಾತು ಬಹುಕಾಲದಿಂದ ಮನೆಮಾಡಿಕೊಂಡಿದೆ. ಅಶೋಕ ಚಕ್ರವರ್ತಿಯು ಮನುಷ್ಯರಿಗೂ ಪಶುಗಳಿಗೂ ಆಸ್ಪತ್ರೆಗಳನ್ನು ಕಟ್ಟಿಸಿದನೆಂಬುದೇ ಆ ಮಾತು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇದು ವರ್ಷವರ್ಷವೂ ತಪ್ಪದೆ ಕಾಣಿಸಿಕೊಳ್ಳುತ್ತದೆ. ನಾವೂ ತಪ್ಪದೆ ಅಂಕ ಕೊಡುತ್ತೇವೆ. ಈ ಮಾತು ಪೂರ್ಣ ಸುಳ್ಳೆಂದು ಹೇಳುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಶಾಸನವು ಹೇಳದೆ ಇರುವುದನ್ನು ಇದು ಹೇಳುತ್ತದೆ, ಹೇಳಿರುವುದನ್ನು ಮರೆಸುತ್ತದೆ ಎಂದು ತೋರಿಸುವುದಷ್ಟೇ ನಮ್ಮ ಪ್ರಯತ್ನ. ಹಾಗೆ ಮರೆಯಾದ ಭಾಗವು ಇಂದಿನ ನಮ್ಮ ಆಸ್ಪತ್ರೆಗಳ ಸ್ಥಿತಿಗೆ ನೇರವಾಗಿ ಸಂಬಂಧಿಸಿದ್ದೆಂಬುದು ಈ ವಿಮರ್ಶೆಗೆ ಇನ್ನೊಂದು ಕಾರಣ.

ಲಿಂಗಸುಗೂರಿನ ಕಡೆಯವರಿಗೆ ಅಶೋಕನು ದೂರದ ಅರಸನಲ್ಲ. ಮೊದಲು ಈ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಮಸ್ಕಿಯಲ್ಲಿ ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಶಾಸನವನ್ನು ಕಂಡನು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದು ಪುರಾತತ್ತ್ವ ಮಾಲೆಯ ಮೊದಲನೆಯ ಸಂಖ್ಯೆಯಾಗಿ ಅದನ್ನು ಪ್ರಕಟಿಸಿದರು. ಜೇಮ್ಸ್ ಪ್ರಿನ್ಸೆಪನು ೧೮೩೭ರಲ್ಲಿ ಬ್ರಾಹ್ಮಿಯನ್ನು ಓದಿದಂದಿನಿಂದ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು ಮಾತ್ರ ಪರಿಚಿತವಾಗಿತ್ತು. ಆ ಬಿರುದಿನ ಅರಸನು ಅಶೋಕನೇ ಎಂಬುದಕ್ಕೆ ಅವನ ಹೆಸರನ್ನೇ ಹೊತ್ತ ಮೊದಲ ಶಿಲಾಸಾಕ್ಷಿ ಮಸ್ಕಿಯಲ್ಲಿ ದೊರೆಯಿತು. ಈ ಅಭಿಮಾನದಿಂದಲೋ ಏನೋ, ಮಸ್ಕಿಯ ಬಂಡೆಯ ಮುಂದೆ ನಿಂತು, ಇದರಲ್ಲಿಯೇ ಆಸ್ಪತ್ರೆಗಳ ವಿಚಾರ ಬರೆದಿದೆಯೆಂದು ವಿದ್ಯಾರ್ಥಿಗಳಿಗೆ ಹೇಳುವವರನ್ನು ಈ ಲೇಖಕನು ಕೇಳಿದ್ದಾನೆ. ಇದು ಸರಿಯಲ್ಲ. ಮಸ್ಕಿಯದು ಕಿರು ಶಿಲಾಶಾಸನ. ಅದರ ವಿಷಯ ಧರ್ಮದಲ್ಲಿ ಅರಸನ ಶ್ರದ್ಧೆ, ಮತ್ತು ಆ ಶ್ರದ್ಧೆಯ ಫಲವು ಹಿರಿಯನಂತೆ ಕಿರಿಯನಿಗೂ ಎಟುಕುವುದೆಂಬ ಭರವಸೆ. ಚಿಕಿತ್ಸೆಯ ವಿಷಯವಿರುವುದು ಹದಿನಾಲ್ಕು ಹಿರಿಯ ಶಿಲಾಶಾಸನಗಳ ಪೈಕಿ ಎರಡನೆಯದರಲ್ಲಿ. ಗಿರ್ನಾರದಲ್ಲಿ ಅದರ ಸ್ಪಷ್ಟ ಪಾಠವಿದೆ. ನಮಗೆ ಸಮೀಪದಲ್ಲಿ ಬೇಕೆಂದರೆ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು.

೨

ಎರಡನೆಯ ಶಾಸನದ ತಾತ್ಪರ್ಯ ಹೀಗಿದೆ. ಅರಸನ ರಾಜ್ಯದಲ್ಲೆಲ್ಲ, ಗಡಿಯಾಚೆಯ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲಿ, ತಾಮ್ರಪರ್ಣಿಯವರೆಗೆ, ಯವನರಾಜ ಅಂತಿಯೋಕನ ಮತ್ತು ಅವನ ನೆರೆಯ ಅರಸರ ದೇಶಗಳಲ್ಲಿ ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಲಾಗಿದೆ: ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆ. ಮನುಷ್ಯರಿಗೂ ಪಶುಗಳಿಗೂ ಉಪಯುಕ್ತವಾದ ಔಷಧಿಸಸ್ಯಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿಗೆ ಅವನ್ನು ತರಿಸಲಾಯಿತು, ನೆಡಿಸಲಾಯಿತು. ಗೆಡ್ಡೆಬೇರುಗಳನ್ನೂ ಫಲಗಳನ್ನೂ ಹಾಗೆಯೇ. ದಾರಿಗಳಲ್ಲಿ ಮನುಷ್ಯರ ಮತ್ತು ಪಶುಗಳ ಉಪಭೋಗಕ್ಕಾಗಿ ಬಾವಿಗಳನ್ನು ತೋಡಿಸಲಾಯಿತು, ಮರಗಳನ್ನು ನೆಡಿಸಲಾಯಿತು.

ಇಲ್ಲಿ ಗಮನಿಸತಕ್ಕ ಮೊದಲನೆಯ ಅಂಶವೆಂದರೆ ಕಟ್ಟಡವನ್ನು ಸೂಚಿಸುವ ಪದವೇ ಇಲ್ಲದಿರುವುದು. ಶಾಲೆ, ಆಲಯ, ಗೃಹ, ಸ್ಥಾನ ಎಂಬ ಯಾವ ಶಬ್ದವೂ ಚಿಕಿತ್ಸೆಯ ಜೊತೆಗೆ ಬಂದಿಲ್ಲ. ಸಂಕ್ಷೇಪಕ್ಕಾಗಿ ಬಿಟ್ಟಿರಬಹುದಲ್ಲವೇ ಎಂದು ಕೇಳಬಹುದು. ಆದರೆ ಸ್ಥಳವನ್ನೇ ಹೇಳಬೇಕೆಂದಾಗ ನಮ್ಮ ಶಾಸನಕಾರರು ಅದನ್ನು ಹೇಳಬಲ್ಲವರಾಗಿದ್ದರು. ಬಳ್ಳಿಗಾವೆಯ ಕೋಡಿಮಠದ ೧೧೬೨ರ ಶಾಸನವು ಆ ಮಠವನ್ನು ನಾನಾ ರೋಗಿಗಳ ಔಷಧೋಪಚಾರದ ‘ಸ್ಥಾನ’ವೆಂದು ಬಣ್ಣಿಸುತ್ತದೆ. ಪಾಟಲಿಪುತ್ರದ ಕುಮ್ರಹಾರದಲ್ಲಿ ೧೯೫೧ರಿಂದ ೧೯೫೫ರವರೆಗೆ ನಡೆದ ಉತ್ಖನನದಲ್ಲಿ ‘ಆರೋಗ್ಯವಿಹಾರ’ ಎಂಬ ಹೆಸರಿನ ಮುದ್ರೆ ದೊರೆಯಿತು. ಆದರೆ ಅದು ಗುಪ್ತರ ಕಾಲದ್ದು, ಅಶೋಕನಿಗಿಂತ ಆರೇಳು ಶತಮಾನ ಈಚಿನದು. ಈಚಿನ ಕಟ್ಟಡವನ್ನು ಆಚಿನ ಅರಸನ ಹೆಸರಿಗೆ ಬರೆಯುವುದು ಚರಿತ್ರಕಾರನ ಕೆಲಸವಲ್ಲ.

ಎರಡನೆಯ ಅಂಶ ಇದಕ್ಕಿಂತ ಮುಖ್ಯವಾದುದು. ಶಾಸನವು ಎರಡು ಕ್ರಿಯೆಗಳನ್ನು ಜೋಡಿಯಾಗಿ ಹೇಳುತ್ತದೆ: ‘ಹಾರಾಪಿತ’, ‘ರೋಪಾಪಿತ’, ತರಿಸಿದ್ದು, ನೆಡಿಸಿದ್ದು. ತರಿಸಿದ್ದೆಂಬುದೊಂದನ್ನೇ ಹೇಳಿದ್ದರೆ ಅದು ಅರಸನ ಔದಾರ್ಯವಾಗುತ್ತಿತ್ತು. ತಂದ ಔಷಧಿ ಒಮ್ಮೆ ಮುಗಿಯುತ್ತದೆ. ಮತ್ತೆ ಅರಸನ ಕೃಪೆಗೇ ಕಾಯಬೇಕು. ನೆಟ್ಟ ಔಷಧಿಯಾದರೋ ಆ ಊರಿನದಾಗುತ್ತದೆ. ನೆಡಬೇಕಾದರೆ ಮಣ್ಣನ್ನು ಬಲ್ಲವನು, ನೀರೆರೆಯುವವನು, ಯಾವ ಬೇರನ್ನು ಯಾವ ಕಾಲದಲ್ಲಿ ಅಗೆಯಬೇಕೆಂದು ತಿಳಿದವನು ಆ ಊರಿನಲ್ಲಿಯೇ ಇರಬೇಕು. ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿಗೆ ಎಂಬ ಮಾತಿನಲ್ಲಿ ಇನ್ನೊಂದು ಪೂರ್ವಸಿದ್ಧತೆ ಅಡಗಿದೆ. ಎಲ್ಲಿ ಯಾವುದು ಇಲ್ಲವೆಂಬುದನ್ನು ಮೊದಲು ಯಾರಾದರೂ ಎಣಿಸಿ ತಿಳಿಸಿರಬೇಕು. ಕೊನೆಯಲ್ಲಿ ಬರುವ ಬಾವಿ ಮತ್ತು ದಾರಿಮರಗಳ ವಾಕ್ಯವನ್ನು ನಮ್ಮ ಪುಸ್ತಕಗಳು ಬೇರೆಯೊಂದು ಧರ್ಮಕಾರ್ಯವಾಗಿ ಎಣಿಸುತ್ತವೆ. ಔಷಧಿಯ ವಾಕ್ಯದ ಬೆನ್ನಿಗೇ ಅದು ಬಂದಿರುವುದರಿಂದ ಎರಡನ್ನೂ ಕೂಡಿಸಿ ಓದುವುದು ಅಸಂಗತವಲ್ಲವೆಂದು ನಮಗೆ ತೋರುತ್ತದೆ. ನೀರಿಲ್ಲದ ದಾರಿಯಲ್ಲಿ ಎತ್ತು ನಡೆಯದು. ಎತ್ತು ನಡೆಯದಿದ್ದರೆ ಔಷಧಿಯೂ ಬಾರದು.

ಹೀಗೆ ಓದಿದಾಗ ಎಣಿಕೆ, ಸಾಗಣೆ, ದಾರಿ, ನಾಟಿ ಎಂಬ ನಾಲ್ಕು ಕಾರ್ಯಗಳು ಶಾಸನದಲ್ಲಿ ಕಾಣುತ್ತವೆ. ಆಸ್ಪತ್ರೆ ಎಂಬ ಒಂದು ಪದವು ಈ ನಾಲ್ಕನ್ನೂ ಮುಚ್ಚಿಬಿಟ್ಟಿದೆ.

ಇದರಿಂದ ಮತ್ತೊಂದು ಅತಿಗೆ ಹೋಗಬಾರದು. ಶಾಸನವು ಅರಸನ ಘೋಷಣೆ. ಕೆಲಸ ನಡೆದುದಕ್ಕೆ ಸಾಕ್ಷಿಯಲ್ಲ. ಅಂತಿಯೋಕನ ರಾಜ್ಯದಲ್ಲಿ ಭಾರತದ ಔಷಧಿಗಳು ನಾಟಿಯಾದವೆಂದು ಹೇಳುವ ಗ್ರೀಕ್ ಬರಹ ಯಾವುದೂ ನಮಗೆ ಉಳಿದು ಬಂದಿಲ್ಲ. ಎರಡೂ ಪದಗಳು ಪ್ರೇರಣಾರ್ಥಕ ರೂಪಗಳು. ತರಿಸಿದವನ ಹೆಸರು ಬಂಡೆಯ ಮೇಲಿದೆ, ಹೊತ್ತು ತಂದವನ ಮತ್ತು ನೆಟ್ಟವನ ಹೆಸರಿಲ್ಲ. ಆದ್ದರಿಂದ ಇದನ್ನು ಜಗತ್ತಿನ ಮೊದಲ ಆರೋಗ್ಯವ್ಯವಸ್ಥೆಯೆಂದು ಕೊಂಡಾಡುವ ಈಚಿನ ಉತ್ಸಾಹವೂ ಹಳೆಯ ಪಠ್ಯಪುಸ್ತಕದ ಮಾತಿನಷ್ಟೇ ನಿರಾಧಾರವಾದುದು. ಹೀಗೆ ಮಾಡಬೇಕೆಂಬ ಒಂದು ಸರಿಯಾದ ಕಲ್ಪನೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿತ್ತು ಎಂಬಷ್ಟನ್ನೇ ನಾವು ಧೈರ್ಯವಾಗಿ ಹೇಳಬಹುದು.

೩

ಆ ಕಲ್ಪನೆಯು ಪ್ರತ್ಯಕ್ಷವಾಗಿ ನಡೆದ ಒಂದು ಉದಾಹರಣೆಯನ್ನು ಹತ್ತಿರದ ಕಾಲದಿಂದ ತೆಗೆದುಕೊಳ್ಳೋಣ. ಸಿಡುಬಿಗೆ ಗೋವಿನ ಸಿಡುಬಿನ ದ್ರವದಿಂದ ರಕ್ಷಣೆ ದೊರೆಯುವುದೆಂದು ಎಡ್ವರ್ಡ್ ಜೆನ್ನರನು ೧೭೯೮ರಲ್ಲಿ ಪ್ರಕಟಿಸಿದನು. ಆ ದ್ರವವನ್ನು ಭಾರತಕ್ಕೆ ತರುವುದು ಸುಲಭವಾಗಿರಲಿಲ್ಲ; ದೀರ್ಘವಾದ ಸಮುದ್ರಯಾನದ ಸೆಕೆಯಲ್ಲಿ ಅದು ಸತ್ತುಹೋಗುತ್ತಿತ್ತು. ಕೊನೆಗೆ ವಿಯೆನ್ನಾ, ಬಾಗ್ದಾದು, ಬಸ್ರಾಗಳ ಮಾರ್ಗವಾಗಿ, ದಾರಿಯುದ್ದಕ್ಕೂ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟಿಸುತ್ತ, ೧೮೦೨ರ ಜೂನ್ ತಿಂಗಳಲ್ಲಿ ಅದನ್ನು ಮುಂಬಯಿಗೆ ಮುಟ್ಟಿಸಿದರು. ಜೂನ್ ೧೪ರಂದು ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಚುಚ್ಚಲಾಯಿತು. ಆ ಮಗುವಿನ ತೋಳಿನಿಂದ ಹೊರಟ ಸರಪಣಿಯೇ ದಕ್ಷಿಣದೇಶಕ್ಕೂ ಹಬ್ಬಿತು. ಸರಪಣಿಯ ಒಂದು ಕೊಂಡಿ ತಪ್ಪಿದರೂ ಮತ್ತೆ ಮೊದಲಿನಿಂದ ತರಬೇಕಾಗುತ್ತಿತ್ತು. ತೋಳುಗಳನ್ನು ಒದಗಿಸಿದವರು ಹೆಚ್ಚಾಗಿ ಬಡವರ ಮಕ್ಕಳೆಂಬುದನ್ನೂ ಮರೆಯಬಾರದು. ಮೈಸೂರಿನ ಅರಮನೆಯ ರಾಣಿಯರನ್ನು ಥಾಮಸ್ ಹಿಕಿ ಎಂಬ ಚಿತ್ರಕಾರನು ೧೮೦೫ರ ಸುಮಾರಿನಲ್ಲಿ ಚಿತ್ರಿಸಿದ ಪಟವೊಂದಿದೆ. ಅದರಲ್ಲಿ ಒಬ್ಬ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿಯೇ ಎಂದು ಈಚಿನ ವಿದ್ವಾಂಸರು ಅರ್ಥಮಾಡಿದ್ದಾರೆ. ಅದು ಊಹೆಯೇ ಆದರೂ ಯುಕ್ತವಾದ ಊಹೆ.

ತೋಳಿನಿಂದ ತೋಳಿಗೆ ದಾಟಿಸುವ ಕಾಲವು ‘ತರಿಸುವ’ ಕಾಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳಗಾವಿಯಲ್ಲಿ ಲಸಿಕಾಸಂಸ್ಥೆಯು ಸ್ಥಾಪನೆಯಾಗಿ, ಕರುಗಳಿಂದ ದ್ರವವನ್ನು ಇಲ್ಲಿಯೇ ತಯಾರಿಸತೊಡಗಿದುದು ‘ನೆಡಿಸುವ’ ಕಾಲ. ಸಿಡುಬಿನ ಕೊನೆಯ ರೋಗಿ ಭಾರತದಲ್ಲಿ ಕಂಡುಬಂದದ್ದು ೧೯೭೫ರ ಮೇ ತಿಂಗಳಿನಲ್ಲಿ. ಲಸಿಕೆಯು ದೇಶದೊಳಗೇ ತಯಾರಾಗದೆ ಹಡಗಿನ ದಾರಿಯನ್ನೇ ಕಾಯುತ್ತಿದ್ದ ಪಕ್ಷದಲ್ಲಿ ಈ ಗೆಲುವು ಇನ್ನೆಷ್ಟು ತಡವಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

೪

ಈಗ ನಮ್ಮ ಕಾಲಕ್ಕೆ ಬರೋಣ. ಭಾರತದಲ್ಲಿ ಬಳಸುವ ವೈದ್ಯಕೀಯ ಉಪಕರಣಗಳಲ್ಲಿ ಬೆಲೆಯ ಲೆಕ್ಕದಿಂದ ಶೇಕಡಾ ೭೦ರಿಂದ ೮೦ರಷ್ಟು ಪರದೇಶಗಳಿಂದ ಬರುತ್ತವೆಯೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅಮೆರಿಕ, ಜರ್ಮನಿ, ಚೀನಾ ಮುಂತಾದ ದೇಶಗಳು ಇವುಗಳ ಮೂಲ. ಯಂತ್ರವೊಂದು ಒಂದೇ ದೇಶದ್ದಾಗಿಯೂ ಇರುವುದಿಲ್ಲ. ಅದರ ಸಂವೇದಕ ಒಂದು ದೇಶದ್ದು, ಕವಾಟ ಇನ್ನೊಂದು ದೇಶದ್ದು, ಚಿಪ್ಪು ಮತ್ತೊಂದು ದೇಶದ್ದು. ಎಂ.ಆರ್.ಐ. ಯಂತ್ರದ ಅಯಸ್ಕಾಂತವನ್ನು ತಣ್ಣಗಿರಿಸುವ ದ್ರವಹೀಲಿಯಂ ಕತಾರ್, ಅಮೆರಿಕಗಳಂಥ ಕೆಲವೇ ದೇಶಗಳಿಂದ ಬರಬೇಕು. ಇಷ್ಟು ಉದ್ದವಾದ ಸರಪಣಿಯಲ್ಲಿ ಎಲ್ಲಿಯೋ ಒಂದು ಕೊಂಡಿ ಸಡಿಲವಾದರೆ ರಾಯಚೂರು ಜಿಲ್ಲೆಯ ರೋಗಿಗೂ ಅದು ತಟ್ಟುತ್ತದೆ.

೨೦೨೦ರ ಆರಂಭದಲ್ಲಿ ಕೋವಿಡ್ ರೋಗವು ಹಬ್ಬಿದಾಗ ಈ ಸರಪಣಿ ಒಮ್ಮೆಲೇ ಬಿಗಿಯಿತು. ದೇಶದೇಶಗಳು ತಮ್ಮ ಉಪಕರಣಗಳ ರಫ್ತನ್ನು ತಡೆದವು. ಆ ಮಾರ್ಚ್ ತಿಂಗಳಲ್ಲಿ ಭಾರತವೂ ವೆಂಟಿಲೇಟರುಗಳ ರಫ್ತನ್ನು ನಿಷೇಧಿಸಿತು. ಆಗ ಕರ್ನಾಟಕದಲ್ಲಿ ನಡೆದ ಒಂದು ಕಾರ್ಯವು ಶ್ಲಾಘನೀಯವಾದುದು. ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಕೇಂದ್ರಸರ್ಕಾರಕ್ಕಾಗಿ ೩೦,೦೦೦ ವೆಂಟಿಲೇಟರುಗಳನ್ನು ತಯಾರಿಸುವ ಹೊಣೆ ಹೊತ್ತಿತು. ಹೊರಗಿನಿಂದ ಬಾರದ ಕವಾಟ, ಸಂವೇದಕಗಳಿಗೆ ದೇಶದೊಳಗೇ ಬದಲಿ ಹುಡುಕಬೇಕಾಯಿತು. ಇದನ್ನು ನಾಟಿಯ ಕೆಲಸವೆಂದೇ ಕರೆಯಬೇಕು.

ಆದರೆ ಮರುವರ್ಷ ಎರಡನೆಯ ಅಲೆ ಬಂದಾಗ, ದೇಶದ ಹಲವು ಕಡೆ ವೆಂಟಿಲೇಟರುಗಳು ಪೆಟ್ಟಿಗೆಯಲ್ಲಿಯೇ ಅಥವಾ ಮೂಲೆಯಲ್ಲಿಯೇ ಉಳಿದಿವೆಯೆಂಬ ವರದಿಗಳು ಬಂದವು. ನಡೆಸಬಲ್ಲ ಕೈಗಳಿರಲಿಲ್ಲ, ಆಮ್ಲಜನಕದ ಒತ್ತಡ ಸಾಲುತ್ತಿರಲಿಲ್ಲ, ಬಿಡಿಭಾಗಗಳಿರಲಿಲ್ಲ. ೨೦೨೧ರ ಮೇ ೧೫ರಂದು ಪ್ರಧಾನಮಂತ್ರಿಗಳು ಈ ಯಂತ್ರಗಳ ಸ್ಥಾಪನೆ ಮತ್ತು ಬಳಕೆಯ ಪರಿಶೋಧನೆಗೆ ಆದೇಶವಿತ್ತರು. ಕಾರ್ಖಾನೆಯಲ್ಲಿ ನಾಟಿಯಾದದ್ದು ಆಸ್ಪತ್ರೆಯಲ್ಲಿ ನಾಟಿಯಾಗಿರಲಿಲ್ಲ.

ಅದೇ ಮೇ ತಿಂಗಳ ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯದೆ ಇರಲಾಗದು. ಮೇ ೨ರ ಹಗಲಿನಿಂದ ೩ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ೨೪ ಜನ ಮರಣಹೊಂದಿದರು. ಆ ದಿನಗಳಲ್ಲಿ ರಾಜ್ಯದೊಳಗೆ ಆಮ್ಲಜನಕವೇ ಇರಲಿಲ್ಲವೇ? ಇತ್ತು. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದ್ರವ ಆಮ್ಲಜನಕವು ತಯಾರಾಗುತ್ತಿತ್ತು. ಸಾಲದೆ ಹೋದವುಗಳಲ್ಲಿ ಹಂಚಿಕೆಯ ಪ್ರಮಾಣವೂ ಒಂದು. ಅದಕ್ಕಾಗಿ ರಾಜ್ಯದ ಪಾಲನ್ನು ದಿನಕ್ಕೆ ೧,೨೦೦ ಟನ್ನುಗಳಿಗೆ ಏರಿಸಬೇಕೆಂದು ಉಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಅದರ ಜೊತೆಗೆ ಶೀತಲ ಟ್ಯಾಂಕರು, ಸಿಲಿಂಡರು, ಅವನ್ನು ಹೊತ್ತು ಸರಿಯಾದ ಹೊತ್ತಿಗೆ ಮುಟ್ಟಿಸುವ ಏರ್ಪಾಡು ಇವು ದೇಶದಲ್ಲೆಲ್ಲ ಸಾಲದಾದವು; ವಾಯುಸೇನೆಯ ವಿಮಾನಗಳು ಹೊರದೇಶಗಳಿಂದ ಬರಿಯ ಟ್ಯಾಂಕರುಗಳನ್ನು ಹೊತ್ತು ತಂದವು. ಔಷಧಿಯ ವಾಕ್ಯದ ಬೆನ್ನಿಗೆ ದಾರಿಯ ವಾಕ್ಯವು ಏಕೆ ಬರಬೇಕೆಂಬುದಕ್ಕೆ ಇದಕ್ಕಿಂತ ಕಹಿಯಾದ ವ್ಯಾಖ್ಯಾನ ಬೇಕಿಲ್ಲ.

೫

ಸಂಕಟಕಾಲದ ಮಾತು ಹಾಗಿರಲಿ. ಸಾಮಾನ್ಯ ಕಾಲದ ಸ್ಥಿತಿಯೇನು? ೨೦೧೫ರಲ್ಲಿ ಕೇಂದ್ರಸರ್ಕಾರವು ಜೈವಿಕ ವೈದ್ಯೋಪಕರಣಗಳ ನಿರ್ವಹಣೆಗಾಗಿ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಅದರ ಅಂಗವಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು ಏಳೂವರೆ ಲಕ್ಷ ಉಪಕರಣಗಳನ್ನು ಎಣಿಸಿದಾಗ, ರಾಜ್ಯರಾಜ್ಯಕ್ಕೆ ಬೇರೆಬೇರೆಯಾಗಿ ಶೇಕಡಾ ೧೩ರಿಂದ ೩೪ರಷ್ಟು ಕೆಲಸಮಾಡದೆ ನಿಂತಿರುವುದು ಕಂಡುಬಂದಿತು. ಇದು ನಮ್ಮ ದೇಶದ ದೋಷವೊಂದೇ ಅಲ್ಲ. ಹದಿನಾರು ಬಡದೇಶಗಳ ದಾಖಲೆಗಳನ್ನು ಕೂಡಿಸಿ ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇಕಡಾ ೩೮ಕ್ಕಿಂತ ಹೆಚ್ಚು ಉಪಕರಣಗಳು ನಿಷ್ಕ್ರಿಯವಾಗಿದ್ದುವು. ಕಾರಣಗಳಲ್ಲಿ ಮುಖ್ಯವಾದವು ತರಬೇತಿಯ ಅಭಾವ, ನಿರ್ವಹಣೆಯ ಅಭಾವ, ವಿದ್ಯುತ್ತು ನೀರು ಮುಂತಾದ ಆಧಾರಗಳ ಅಭಾವ.

ಅಂಕಿಗಳು ಹೇಳುವುದನ್ನು ಕಣ್ಣಾರೆ ಕಂಡ ಒಂದು ಪ್ರಸಂಗವಿದೆ. ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಯಂತ್ರವೊಂದು ತಿಂಗಳುಗಟ್ಟಲೆ ಬಿಳಿಯ ಹೊದಿಕೆಯನ್ನು ಹೊದ್ದು ನಿಂತಿತ್ತು. ಬೇಕಾಗಿದ್ದ ಬಿಡಿಭಾಗವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು; ಆದರೆ ಅದು ಎಲ್ಲಿಂದ ಬರಬೇಕು, ಯಾರು ಬರೆದು ತರಿಸಬೇಕು, ಹಣವನ್ನು ಯಾವ ಬಾಬಿನಿಂದ ಕೊಡಬೇಕೆಂಬುದು ತೀರ್ಮಾನವಾಗಿರಲಿಲ್ಲ. ಆ ಪರೀಕ್ಷೆಗಾಗಿ ಬಸುರಿ ಹೆಂಗಸರು ಬಸ್ಸು ಹತ್ತಿ ಜಿಲ್ಲಾಕೇಂದ್ರಕ್ಕೆ ಹೋಗುತ್ತಿದ್ದರು. ದಾಖಲೆಯಲ್ಲಿ ಮಾತ್ರ ಆ ಯಂತ್ರವು ‘ಒದಗಿಸಲಾಗಿದೆ’ ಎಂಬ ಕಾಲಮ್ಮಿನಲ್ಲಿ ನಿರ್ಮಲವಾಗಿ ಕುಳಿತಿತ್ತು.

ನಮ್ಮ ವಿಮರ್ಶೆಯ ತಿರುಳು ಇಲ್ಲಿದೆ. ಅಶೋಕನು ಆಸ್ಪತ್ರೆಗಳನ್ನು ಕಟ್ಟಿಸಿದನೆಂದು ಬರೆಯುವ ಪಠ್ಯಪುಸ್ತಕವೂ, ಇಷ್ಟು ಯಂತ್ರಗಳನ್ನು ಒದಗಿಸಿದೆವೆಂದು ಬರೆಯುವ ವರದಿಯೂ ಒಂದೇ ಮನೋಭಾವದ ಫಲಗಳು. ಕಣ್ಣಿಗೆ ಕಾಣುವ ವಸ್ತುವನ್ನು ಎಣಿಸುವುದು ಸುಲಭ. ವರ್ಷವರ್ಷವೂ ನಡೆಯಬೇಕಾದ ಕ್ರಿಯೆಯನ್ನು ಎಣಿಸುವುದು ಕಷ್ಟ. ಶಾಸನದಲ್ಲಿದ್ದ ಕ್ರಿಯಾಪದಗಳನ್ನು ನಾವು ನಾಮಪದವನ್ನಾಗಿ ಮಾಡಿದೆವು. ಚರಿತ್ರೆಯನ್ನು ಹಾಗೆ ಓದುವುದನ್ನು ಕಲಿತ ವಿದ್ಯಾರ್ಥಿಯು ನಾಳೆ ಅಧಿಕಾರಿಯಾದಾಗ ಆಡಳಿತವನ್ನೂ ಹಾಗೆಯೇ ಓದುವನು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಗಿಡವನ್ನು ನೆಡಬಹುದು, ಎಂ.ಆರ್.ಐ. ಯಂತ್ರವನ್ನು ನೆಡಲಾದೀತೇ? ಎಲ್ಲವನ್ನೂ ಇಲ್ಲಿಯೇ ತಯಾರಿಸುತ್ತೇವೆಂಬುದು ದುಬಾರಿಯೂ ದುಸ್ಸಾಧ್ಯವೂ ಆದ ಮಾತಲ್ಲವೇ? ಈ ಆಕ್ಷೇಪವನ್ನು ಅರ್ಧ ಒಪ್ಪಬೇಕು. ಎಲ್ಲ ಗಿಡವೂ ಎಲ್ಲ ಮಣ್ಣಿನಲ್ಲಿ ಬದುಕುವುದಿಲ್ಲ. ೨೦೨೩ರ ರಾಷ್ಟ್ರೀಯ ವೈದ್ಯೋಪಕರಣ ನೀತಿಯು ದೇಶೀಯ ತಯಾರಿಕೆಗೆ ಒತ್ತು ಕೊಟ್ಟಿರುವುದು ಸರಿಯೇ ಆದರೂ, ಜಗತ್ತಿನ ಜೊತೆಗಿನ ಕೊಡುಕೊಳೆ ನಿಲ್ಲುವುದಿಲ್ಲ, ನಿಲ್ಲಲೂ ಬಾರದು. ಆದರೆ ಯಂತ್ರವನ್ನು ನೆಡಲಾಗದಿದ್ದರೂ ಯಂತ್ರವನ್ನು ಬಲ್ಲವನನ್ನು ನೆಡಬಹುದು. ಅದರ ದುರಸ್ತಿಯ ಕೈಪಿಡಿಯನ್ನು ಖರೀದಿಯ ಕರಾರಿನಲ್ಲಿಯೇ ಕೇಳಿ ಪಡೆಯಬಹುದು. ಸವೆಯುವ ಬಿಡಿಭಾಗಗಳನ್ನು ಜಿಲ್ಲೆಯಲ್ಲಿ ದಾಸ್ತಾನಿಡಬಹುದು. ಸಣ್ಣ ದುರಸ್ತಿಯ ಹಣವನ್ನು ತಾಲ್ಲೂಕಿನ ವೈದ್ಯಾಧಿಕಾರಿಯ ಕೈಗೆ ಕೊಡಬಹುದು.

ಇದು ನಮ್ಮ ನೆಲದಲ್ಲಿ ಆಗದ ಕೆಲಸವೆಂದು ಹೇಳುವವರು ಹಟ್ಟಿಯ ಕಡೆಗೆ ಒಮ್ಮೆ ನೋಡಬೇಕು. ಲಿಂಗಸುಗೂರು ತಾಲ್ಲೂಕಿನ ಆ ಊರಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನರು ಬಂಡೆಯನ್ನು ಸೀಳಿ ಆಳದಲ್ಲಿ ಚಿನ್ನವನ್ನು ತೆಗೆದ ಕುರುಹುಗಳಿವೆ. ನಿಜಾಮರ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಲ್ಲಿ ಹೊಸ ಯಂತ್ರಗಳಿಂದ ಗಣಿಗಾರಿಕೆ ನಡೆಯಿತು. ೧೯೨೦ರಲ್ಲಿ ನಿಂತುಹೋದ ಕೆಲಸವು ೧೯೪೭ರಲ್ಲಿ ಸ್ಥಾಪನೆಯಾದ ಕಂಪೆನಿಯಿಂದ ಮತ್ತೆ ಮೊದಲಾಗಿ ಈಗಲೂ ನಡೆದಿದೆ. ಗಣಿಯ ಎತ್ತುಯಂತ್ರ ಕೆಟ್ಟರೆ ಸಾವಿರಾರು ಅಡಿ ಕೆಳಗಿರುವ ಜನರನ್ನು ಬಿಡಿಭಾಗ ಬರುವವರೆಗೆ ಕಾಯಿಸಲಾಗದು. ಆದ್ದರಿಂದ ಯಂತ್ರ ಎಲ್ಲಿಯದೇ ಆಗಿರಲಿ, ಅದನ್ನು ಬಲ್ಲ ಕೈಗಳು ಗಣಿಯ ಬಾಯಲ್ಲೇ ಇರಬೇಕೆಂಬುದು ಗಣಿಯವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಚಿನ್ನಕ್ಕೆ ತೋರಿದ ಈ ಎಚ್ಚರವನ್ನು ಅದೇ ತಾಲ್ಲೂಕಿನ ಬಾಣಂತಿಗೂ ತೋರುವುದು ಅಸಾಧ್ಯವೆಂದು ಒಪ್ಪಲು ಬರುವುದಿಲ್ಲ.

೬

ಇಷ್ಟನ್ನು ಹೇಳಿದ ಮೇಲೆ ಪಠ್ಯಪುಸ್ತಕದ ಮಾತನ್ನು ಹೇಗೆ ತಿದ್ದಬೇಕೆಂಬುದು ಉಳಿಯಿತು. ನಮ್ಮ ಸಲಹೆ ಸರಳವಾದುದು. ಅಶೋಕನು ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿದುದಾಗಿಯೂ, ಔಷಧಿಗಳು ಇಲ್ಲದೆಡೆಗಳಿಗೆ ಅವನ್ನು ತರಿಸಿ ನೆಡಿಸಿದುದಾಗಿಯೂ ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ ಎಂದು ಬರೆದರೆ ಸಾಕು. ‘ಹೇಳಿಕೊಂಡಿದ್ದಾನೆ’ ಎಂಬುದು ವಿದ್ಯಾರ್ಥಿಗೆ ಸಾಕ್ಷ್ಯದ ಬೆಲೆಯನ್ನು ಕಲಿಸುತ್ತದೆ. ‘ತರಿಸಿ ನೆಡಿಸಿದ’ ಎಂಬುದು ಆಡಳಿತದ ಬೆಲೆಯನ್ನು ಕಲಿಸುತ್ತದೆ. ಮಸ್ಕಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಅಲ್ಲಿ ಅರಸನ ಹೆಸರನ್ನು ತೋರಿಸಲಿ. ಬರುವಾಗ ತಾಲ್ಲೂಕು ಆಸ್ಪತ್ರೆಯ ಮುಂದೆ ಒಂದು ಗಳಿಗೆ ನಿಂತು, ಒಳಗಿರುವ ಯಂತ್ರಗಳಲ್ಲಿ ಎಷ್ಟು ತರಿಸಿದವು, ಎಷ್ಟು ನೆಡಿಸಿದವು ಎಂದು ಕೇಳುವುದನ್ನೂ ಕಲಿಸಲಿ. ಶಾಸನದ ಪಾಠದ ವಿಷಯದಲ್ಲಿ ನಾವು ಮಾಡಿರುವ ಅರ್ಥದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥಿಸುತ್ತೇವೆ.